ಸರ್ಟಿಫಿಕೇಟ್ ಪಡೆಯುವ ಖರ್ಚು, ಉಳಿಸಿಕೊಳ್ಳುವ ಖರ್ಚು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೆಲವರು ಇನ್ನೂ ಕಾಲೇಜಿನಲ್ಲಿದ್ದೀರಿ. ಉಳಿದವರು ಬೆಳಗಾವಿಯಲ್ಲೇ ನೆಟ್‌ವರ್ಕ್, ಸರ್ವರ್, ಕ್ಲೌಡ್ ಕೆಲಸ ಮಾಡುತ್ತಿದ್ದೀರಿ. ವಿಟಿಯು ಡಿಗ್ರಿ ಒಮ್ಮೆ ಕೈಗೆ ಬಂದರೆ ಮುಗಿಯಿತು, ಅದಕ್ಕೆ ಕೊನೆಯ ತಾರೀಖು ಅಂತ ಇಲ್ಲ. ಸಿಸ್ಕೋ, ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳು ಪರೀಕ್ಷೆ ನಡೆಸಿ ಕೊಡುವ ಸರ್ಟಿಫಿಕೇಟ್‌ಗಳಿಗೆ ಇದೆ. ಪಾಸಾದ ಖುಷಿಯಲ್ಲಿ ಆ ತಾರೀಖನ್ನು ಹೆಚ್ಚಿನವರು ನೋಡುವುದೇ ಇಲ್ಲ.

"ಇದೆಲ್ಲಾ ಕಂಪನಿಗಳು ದುಡ್ಡು ಮಾಡೋ ದಾರಿ ಅಲ್ವಾ ಸರ್?" ಅಂತ ಹುಡುಗರು ಕೇಳುತ್ತಾರೆ. ದುಡ್ಡಿನ ಲೆಕ್ಕ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸಿಸ್ಕೋದ ನೆಟ್‌ವರ್ಕ್ ಸರ್ಟಿಫಿಕೇಟ್ ಆದ ಸಿಸಿಎನ್‌ಎ ಪಠ್ಯ ತೆಗೆದು ನೋಡಿ. 2014ರಲ್ಲಿ ಪಾಸಾದವರು ದೂರದ ಕಚೇರಿಗಳ ನೆಟ್‌ವರ್ಕ್ ಜೋಡಿಸುವ ಹಳೇ ತಂತ್ರವಾದ ಫ್ರೇಮ್ ರಿಲೇ ಓದಿದ್ದರು. 2020ರ ಫೆಬ್ರವರಿಯಲ್ಲಿ ಶುರುವಾದ ಹೊಸ ಪರೀಕ್ಷೆಯಲ್ಲಿ ಅದು ಇಲ್ಲ. ಅಲ್ಲಿ ನೆಟ್‌ವರ್ಕ್ ಕೆಲಸವನ್ನು ಪ್ರೋಗ್ರಾಮ್‌ನಿಂದ ಮಾಡಿಸುವ ಆಟೋಮೇಶನ್‌ಗೇ ಶೇ 10ರಷ್ಟು ಪಾಲು. ಜೇಸನ್ (JSON) ಅನ್ನುವ ಡೇಟಾ ಬರೆಯುವ ಮಾದರಿಯನ್ನು ಓದಲು ಬರಬೇಕು. ಇಷ್ಟು ಬದಲಾದ ಮೇಲೆ ಹಳೇ ಸರ್ಟಿಫಿಕೇಟ್ ನೋಡಿ ಯಾರಾದರೂ ತಮ್ಮ ರೌಟರ್ ಮುಟ್ಟಲು ಬಿಡುತ್ತಾರಾ?

ನಮ್ಮ ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಪಾರ್ಟಿನ ಅಳತೆ ತೆಗೆಯುವ ಮೈಕ್ರೋಮೀಟರ್ ಮೇಲೆ, ಅದು ಸರಿ ಅಳೆಯುತ್ತದೆಯೇ ಅಂತ ಮತ್ತೆ ಯಾವಾಗ ಪರೀಕ್ಷಿಸಬೇಕು ಅನ್ನುವ ಕ್ಯಾಲಿಬ್ರೇಶನ್ ಸ್ಟಿಕರ್ ಇರುತ್ತದೆ. ಡ್ಯೂ ಡೇಟ್ ದಾಟಿದ ಮೈಕ್ರೋಮೀಟರ್ ಕೆಟ್ಟಿರಲೇಬೇಕು ಅಂತೇನಿಲ್ಲ. ಆದರೂ ಅದರಲ್ಲಿ ಅಳತೆ ಮಾಡಿದ ಪಾರ್ಟನ್ನು ಆಡಿಟ್‌ಗೆ ಬಂದವರು ಒಪ್ಪುವುದಿಲ್ಲ.

ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಇಷ್ಟೇ: ಪರೀಕ್ಷೆಗೆ ಫೀಸು ಕಟ್ಟುವ ಮೊದಲು ಆ ಸರ್ಟಿಫಿಕೇಟ್ ಉಳಿಸಿಕೊಳ್ಳಲು ಏನು ಬೇಕು ಅಂತ ನೋಡಿ. ಸಂಬಳದ ದೊಡ್ಡ ಪಾಲು ಮನೆಗೆ ಕೊಡುವ ಹುಡುಗನಿಗೆ ಈ ಲೆಕ್ಕ ತುಂಬಾ ಮುಖ್ಯ.

ಸಿಸಿಎನ್‌ಎ 3 ವರ್ಷ ಇರುತ್ತದೆ. ಮತ್ತೆ ಪರೀಕ್ಷೆ ಬರೆಯಬಹುದು, ಇಲ್ಲವೇ ಕೋರ್ಸ್ ಮಾಡಿ 30 ಕ್ರೆಡಿಟ್, ಅಂದರೆ ಕಲಿಕೆಯ ಅಂಕ, ಕೂಡಿಸಬಹುದು. ಸಿಸ್ಕೋ ಆಗಾಗ ಉಚಿತ ಕೋರ್ಸ್‌ಗಳನ್ನೂ ಬಿಡುತ್ತದೆ, ಕಣ್ಣಿಟ್ಟಿರಿ. ಅದರ ಮೇಲಿನ ಮಟ್ಟವಾದ ಸಿಸಿಎನ್‌ಪಿಯ ಒಂದು ಪರೀಕ್ಷೆ ಪಾಸಾದರೂ ಸಿಸಿಎನ್‌ಎ ತಾನಾಗಿಯೇ ರಿನ್ಯೂ ಆಗುತ್ತದೆ. ಅಮೆಜಾನ್‌ನ ಕ್ಲೌಡ್ ಸರ್ಟಿಫಿಕೇಟ್‌ಗಳದೂ 3 ವರ್ಷ. ಒಂದು ಪರೀಕ್ಷೆ ಪಾಸಾದರೆ ಮುಂದಿನದಕ್ಕೆ ಅರ್ಧ ಫೀಸಿನ ಕೂಪನ್ ಕೊಡುತ್ತಾರೆ. ಅದನ್ನು ಸುಮ್ನೆ ಬಿಟ್ಟು ಕಳೆದುಕೊಳ್ಳಬೇಡಿ. ಹಲವು ಸರ್ವರ್‌ಗಳಲ್ಲಿ ಸಾಫ್ಟ್‌ವೇರ್ ನಡೆಸುವ ಕುಬರ್ನೆಟೀಸ್‌ನ ಸರ್ಟಿಫಿಕೇಟ್ ಸಿಕೆಎ ಮೊದಲು 3 ವರ್ಷ ಇತ್ತು, 2024ರ ಏಪ್ರಿಲ್‌ನಿಂದ 2 ವರ್ಷಕ್ಕೆ ಇಳಿಯಿತು. ಸೈಬರ್ ಭದ್ರತೆಯ ಸರ್ಟಿಫಿಕೇಟ್ ಸಿಐಎಸ್‌ಎಸ್‌ಪಿಗೆ 3 ವರ್ಷದಲ್ಲಿ 120 ಕ್ರೆಡಿಟ್ ಬೇಕು, ಮೇಲೆ ಪ್ರತಿ ವರ್ಷ ಫೀಸು. ಕಂಪನಿ ಕಟ್ಟದಿದ್ದರೆ ಅದು ಭಾರವೇ.

ಮೈಕ್ರೋಸಾಫ್ಟ್‌ನದು ನನಗೆ ಇಷ್ಟ. ಅಸೋಸಿಯೇಟ್, ಎಕ್ಸ್‌ಪರ್ಟ್ ಮಟ್ಟದವು ಬರೀ 1 ವರ್ಷ. ಕೇಳಿದ ತಕ್ಷಣ ಹೆದರಿಕೆ ಆಗುತ್ತದೆ. ಆದರೆ ರಿನ್ಯೂವಲ್ ಉಚಿತ. ಅವಧಿ ಮುಗಿಯಲು 6 ತಿಂಗಳಿರುವಾಗಲೇ ಬಾಗಿಲು ತೆರೆಯುತ್ತದೆ. ಮನೆಯಲ್ಲೇ ಕುಳಿತು ಬರೆಯಬಹುದು, ಕ್ಯಾಮೆರಾದಲ್ಲಿ ಕಾವಲು ಕಾಯುವವರೂ ಇಲ್ಲ. ಫೇಲಾದರೆ ಕೂಡಲೇ ಇನ್ನೊಂದು ಸಲ ಬರೆಯಿರಿ, ಆಮೇಲೆ ಪ್ರತಿ ಸಲಕ್ಕೂ 24 ಗಂಟೆ ಕಾಯಬೇಕು. ಬೇಗ ಮಾಡಿದರೆ ತಿಂಗಳುಗಳು ಹಾಳಾಗುತ್ತವೆ ಅನ್ನುವ ಚಿಂತೆಯೂ ಬೇಡ. ಹೊಸ ವರ್ಷ ಹಳೇ ತಾರೀಖಿನಿಂದಲೇ ಮುಂದಕ್ಕೆ ಎಣಿಕೆಯಾಗುತ್ತದೆ. ಆದರೆ ತಾರೀಖು ದಾಟಿತೋ, ಪೂರ್ತಿ ಫೀಸು ಕಟ್ಟಿ ಪೂರ್ತಿ ಪರೀಕ್ಷೆ ಬರೆಯಬೇಕು. ಎಝಡ್-900ರಂಥ ಫಂಡಮೆಂಟಲ್ಸ್‌ಗೆ, ಅಂದರೆ ಆರಂಭದ ಮಟ್ಟದವಕ್ಕೆ, ಮಾತ್ರ ಅವಧಿಯೇ ಇಲ್ಲ.

ಕೆಲವರ ರಿನ್ಯೂವಲ್ ಎಡವುವುದು ಓದಿನಲ್ಲಿ ಅಲ್ಲ, ಇಮೇಲ್‌ನಲ್ಲಿ. ಫೈನಲ್ ಇಯರ್‌ನಲ್ಲಿ ಕಾಲೇಜಿನ ಐಡಿಯಿಂದ ನೋಂದಣಿ ಮಾಡಿರುತ್ತೀರಿ. ಡಿಗ್ರಿ ಮುಗಿದ ಮೇಲೆ ಆ ಐಡಿ ಬಂದ್ ಆಯಿತೆಂದರೆ ರಿನ್ಯೂವಲ್ ಮೇಲ್ ನಿಮಗೆ ತಲುಪುವುದಿಲ್ಲ. ಅಕೌಂಟ್ ಒಳಗೆ ಹೋಗಲೂ ಆಗುವುದಿಲ್ಲ. ಇವತ್ತೇ ಸ್ವಂತ ಇಮೇಲ್‌ಗೆ ಬದಲಾಯಿಸಿ. ಕಂಪನಿ ಐಡಿಗೂ ಇದೇ ಮಾತು.

ಇನ್ನೊಂದು ತೊಡಕು ಹೆಸರಿನದು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಕ್ರಮ, ಬೇರೆ ದಾಖಲೆಯಲ್ಲಿ ಇನ್ನೊಂದು. ಮದುವೆಯಾದ ಹೆಣ್ಣುಮಕ್ಕಳ ಅಡ್ಡಹೆಸರೂ ಬದಲಾಗಿರುತ್ತದೆ. ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಗೂ ನೋಂದಣಿಗೂ ಹೆಸರು ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. ಸ್ಲಾಟ್ ಬುಕ್ ಮಾಡುವ ಮೊದಲೇ ಸರಿಪಡಿಸಿಕೊಳ್ಳಿ.

ಕೆಲಸದಲ್ಲಿ ಇರುವವರು ಫೀಸನ್ನು ಮಾಲೀಕರ ಹತ್ತಿರ ಕೇಳಲು ಸಂಕೋಚ ಪಡಬೇಡಿ. ನಿಮ್ಮ ಸಂಸ್ಥೆ ಸಿಸ್ಕೋ ಅಥವಾ ಮೈಕ್ರೋಸಾಫ್ಟ್ ಪಾರ್ಟ್‌ನರ್ ಆಗಿದ್ದರೆ, ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇರುವ ನೌಕರರೂ ಆ ಪಾರ್ಟ್‌ನರ್ ಸ್ಥಾನದ ಲೆಕ್ಕಕ್ಕೆ ಬರುತ್ತಾರೆ. ನಿಮ್ಮದು ಮುಗಿದರೆ ಅವರಿಗೂ ನಷ್ಟ. ಇದನ್ನು ಮರ್ಯಾದೆಯಿಂದ, ಆದರೆ ನೇರವಾಗಿ ಹೇಳಿ.

ಈಗಾಗಲೇ ತಾರೀಖು ದಾಟಿದವರೂ ಇಲ್ಲಿರಬಹುದು. ನೀವು ಕಲಿತದ್ದು ಎಲ್ಲೂ ಹೋಗಿಲ್ಲ. ರೆಸ್ಯೂಮೆಯಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಸ್ಪಷ್ಟವಾಗಿ ಬರೆಯಿರಿ. ಚಾಲ್ತಿಯಲ್ಲಿದೆ ಅಂತ ಮಾತ್ರ ಹಾಕಬೇಡಿ. ಎಚ್‌ಆರ್‌ನವರು ಸರ್ಟಿಫಿಕೇಟ್ ತೋರಿಸುವ ವೆಬ್‌ಸೈಟ್ ಕ್ರೆಡ್ಲಿಯ ಲಿಂಕ್ ಒತ್ತಿದರೆ ಅವಧಿ ಮುಗಿದದ್ದು ಅಲ್ಲೇ ಕಾಣುತ್ತದೆ. ಮತ್ತೆ ಬರೆಯುವುದಾದರೆ ಹಳೇ ನೋಟ್ಸ್‌ನಿಂದ ಶುರು ಮಾಡಬೇಡಿ. ಮೊದಲು ಈಗಿನ ಸಿಲೆಬಸ್ ಇಳಿಸಿಕೊಂಡು, ಹೊಸದಾಗಿ ಸೇರಿದ್ದಕ್ಕೆ ಗುರುತು ಹಾಕಿಕೊಳ್ಳಿ.

ಈಗ ಪ್ರಶ್ನೆಗಳಿಗೆ ಬರೋಣ. ತಾರೀಖು ಹತ್ತಿರ ಬಂದವರು ಮೊದಲು ಕೇಳಿ.