ಅಂಕಿತ ಕಳೆದುಕೊಂಡ ಮಾತುಗಳು

ಎಲ್ಲರಿಗೂ ನಮಸ್ಕಾರ.

ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನು ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಶಾಲೆಗೆ ಸುಣ್ಣಬಣ್ಣ ಆಯಿತು. ವರಾಂಡದ ಗೋಡೆ ಮೇಲೆ ನಾಲ್ಕು ಒಳ್ಳೆಯ ಮಾತು ಬರೆಸೋಣ ಅಂತ ಪೇಂಟರ್ ಒಬ್ಬರನ್ನು ಕರೆಸಿದೆವು. ಅವರು ನೀಲಿ ಬಣ್ಣದಲ್ಲಿ ‘ಕಾಯಕವೇ ಕೈಲಾಸ’ ಎಂದು ದುಂಡಗೆ ಬರೆದು, ಏಣಿ ಮೇಲಿಂದಲೇ ಕೇಳಿದರು: ‘ಕೆಳಗೆ ಯಾರ ಹೆಸರು ಹಾಕ್ಲಿ ಸಾರ್?’ ನಾನು ‘ಬಸವಣ್ಣ’ ಅಂದೆ. ಅವರು ಬರೆದರು. ಮುಂದೆ ಎಷ್ಟೋ ಮಕ್ಕಳು ಆ ಗೋಡೆ ನೋಡಿಕೊಂಡೇ ಪರೀಕ್ಷೆಯಲ್ಲಿ ಹಾಗೇ ಬರೆದರು. ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟೆ.

ಕೆಲವು ವರ್ಷದ ಮೇಲೆ ಒಂದು ಪಾಠಕ್ಕಾಗಿ ವಚನ ಸಂಪುಟಗಳನ್ನು ತಿರುವುತ್ತಿದ್ದೆ. ಅಲ್ಲಿ ಈ ವಚನ ಸಿಕ್ಕಿತು:

ಕಾಯಕದಲ್ಲಿ ನಿರತನಾದಡೆ,
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು.
ಕಾಯಕವೆ ಕೈಲಾಸವಾದ ಕಾರಣ,
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಕೊನೆಯ ಸಾಲು ನೋಡಿ. ಅಂಕಿತ ‘ಅಮರೇಶ್ವರಲಿಂಗ’. ಬಸವಣ್ಣನವರ ಅಂಕಿತ ಕೂಡಲಸಂಗಮದೇವ ಅಲ್ವಾ? ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಅಮರೇಶ್ವರಲಿಂಗ ಅಂದರೆ ಆಯ್ದಕ್ಕಿ ಮಾರಯ್ಯ. ನಾವು ವಚನದಿಂದ ಎರಡು ಪದ ಕಿತ್ತುಕೊಂಡು ಬಂದಿದ್ದೇವೆ, ಅಂಕಿತವನ್ನು ಅಲ್ಲೇ ಬಿಟ್ಟು ಬಂದಿದ್ದೇವೆ. ಸಹಿ ಇಲ್ಲದ ಮಾತು ಹಾಗೇ ಉಳಿಯುವುದಿಲ್ಲ. ಆಸುಪಾಸಿನಲ್ಲಿ ಯಾರ ಹೆಸರು ದೊಡ್ಡದೋ ಅವರ ಮನೆ ಸೇರುತ್ತದೆ.

ಕಾಯಕದ ವಿಚಾರ ಬಸವಣ್ಣನವರದಲ್ಲ ಎಂದು ನಾನು ಹೇಳುತ್ತಿಲ್ಲ. ಕಲ್ಯಾಣದಲ್ಲಿ ಆ ಗಾಳಿ ಬೀಸಿದ್ದೇ ಅವರಿಂದ. ಆದರೆ ‘ಎನಗಿಂತ ಕಿರಿಯರಿಲ್ಲ, ಶಿವಭಕ್ತರಿಗಿಂತ ಹಿರಿಯರಿಲ್ಲ’ ಎಂದವರು ಅವರು. ಮಾರಯ್ಯನ ಮಾತನ್ನು ಮಾರಯ್ಯನಿಗೆ ವಾಪಸ್ ಕೊಟ್ಟರೆ ಮೊದಲು ಖುಷಿಪಡುವವರು ಬಸವಣ್ಣನವರೇ ಎಂದು ನಾನು ನಂಬಿದ್ದೇನೆ.

ಈ ಮಾರಯ್ಯ ಯಾರು? ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಹೆಂಡತಿ ಲಕ್ಕಮ್ಮನ ಜೊತೆ ಕಲ್ಯಾಣಕ್ಕೆ ಬಂದವನು. ಶರಣರ ಮನೆಗಳ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವನ ಕಾಯಕ. ಹೆಸರೇ ಹೇಳುತ್ತದೆ, ಆಯ್ದ ಅಕ್ಕಿ, ಆಯ್ದಕ್ಕಿ. ಆ ಅಕ್ಕಿಯಿಂದ ಅಡುಗೆ ಮಾಡಿ ಗಂಡ ಹೆಂಡತಿ ದಾಸೋಹ ಮಾಡುತ್ತಿದ್ದರು. ಶರಣರ ಸಂವಾದಗಳನ್ನು ಹೆಣೆದ ಗ್ರಂಥ ಶೂನ್ಯಸಂಪಾದನೆಯಲ್ಲಿ ಈ ದಂಪತಿಯ ಪ್ರಸಂಗವೇ ಬೇರೆಯಾಗಿ ಬರುತ್ತದೆ.

ಈಗ ಆ ಮಾತನ್ನು ಇನ್ನೊಮ್ಮೆ ಕೇಳಿ. ‘ಕಾಯಕವೇ ಕೈಲಾಸ’ ಎಂದು ಮಂತ್ರಿಯೊಬ್ಬರು ಹೇಳಿದರೆ ಅದಕ್ಕೊಂದು ಅರ್ಥ. ಬಗ್ಗಿ ನೆಲದ ಅಕ್ಕಿಕಾಳು ಆಯುವವನು ಹೇಳಿದರೆ ಅರ್ಥವೇ ಬೇರೆ. ನನ್ನ ಈ ಕೆಲಸ ನಿಮ್ಮ ಪೂಜೆಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆ ಅಲ್ಲ ಎಂದು ಅವನು ಹೇಳುತ್ತಿದ್ದಾನೆ. ಗುರು ಬಂದರೂ ನಾನು ಕೆಲಸ ಬಿಟ್ಟು ಏಳುವುದಿಲ್ಲ ಎನ್ನುತ್ತಿದ್ದಾನೆ. ಸುಮ್ನೆ ಯೋಚಿಸಿ, 12ನೇ ಶತಮಾನದಲ್ಲಿ ಬಡವನೊಬ್ಬ ತಲೆ ಎತ್ತಿ ಆಡಿದ ಮಾತು ಇದು! ಇವತ್ತು ಇದೇ ಮಾತು ಎಷ್ಟೋ ಕಚೇರಿಗಳಲ್ಲಿ ಸಾಹೇಬರ ಕುರ್ಚಿಯ ಹಿಂದೆ ತೂಗುತ್ತದೆ. ಕೆಲಸಗಾರನ ಘನತೆಗಾಗಿ ಹುಟ್ಟಿದ ಮಾತು ಕೆಲಸಗಾರನಿಗೆ ‘ಜಾಸ್ತಿ ಕೆಲಸ ಮಾಡು’ ಎನ್ನುವ ಬೋರ್ಡ್ ಆಗಿದೆ. ಹೆಸರು ತಪ್ಪಿದ್ದರಿಂದಲೇ ಹೀಗಾಯಿತು ಅಂತ ನಾನು ಹೇಳಲಾರೆ. ಆದರೆ ಮಾರಯ್ಯನ ಹೆಸರು ಜೊತೆಗಿದ್ದಿದ್ದರೆ ಆ ಬೋರ್ಡನ್ನು ಅಲ್ಲಿ ಹಾಕುವಾಗ ಯಾರಾದರೂ ಒಬ್ಬರು ಅನುಮಾನಿಸುತ್ತಿದ್ದರು.

ಲಕ್ಕಮ್ಮನ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ದೂರ ಹೋಗಿ ಬರೋಣ.

ನಾವೆಲ್ಲ ಭಾಷಣಗಳಲ್ಲಿ ಕೇಳಿರುವ ಇನ್ನೊಂದು ಮಾತಿದೆ. ‘ನೀವು ಹೇಳುವುದನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಹೇಳುವ ನಿಮ್ಮ ಹಕ್ಕಿಗಾಗಿ ಸಾಯುವ ತನಕ ಹೋರಾಡುತ್ತೇನೆ.’ ಫ್ರೆಂಚ್ ಚಿಂತಕ ವಾಲ್ಟೇರ್ ಹೇಳಿದ್ದು ಎಂದು ಎಲ್ಲ ಕಡೆ ಬರೆದಿರುತ್ತದೆ. ಇದನ್ನು ಬರೆದದ್ದು ಈವ್ಲಿನ್ ಬಿಯಾಟ್ರಿಸ್ ಹಾಲ್ ಎಂಬ ಇಂಗ್ಲಿಷ್ ಲೇಖಕಿ. ಬರೆದದ್ದು 1906ರಲ್ಲಿ, ವಾಲ್ಟೇರ್ ತೀರಿಕೊಂಡು 128 ವರ್ಷವಾದ ಮೇಲೆ.

ಹಿನ್ನೆಲೆ ಹೀಗಿದೆ. 1758ರಲ್ಲಿ ಹೆಲ್ವೆಸಿಯುಸ್ ಎಂಬ ಫ್ರೆಂಚ್ ಚಿಂತಕನ ಪುಸ್ತಕ ಬಂತು. ಧರ್ಮಕ್ಕೆ ವಿರುದ್ಧ ಎಂದು ಗಲಾಟೆಯಾಯಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಅದನ್ನು ಸುಟ್ಟರು. ವಾಲ್ಟೇರ್‌ಗೆ ಆ ಪುಸ್ತಕ ಅಷ್ಟೇನೂ ಹಿಡಿಸಿರಲಿಲ್ಲ. ಆದರೂ ಒಂದು ಪುಸ್ತಕಕ್ಕೆ ಇಷ್ಟೊಂದು ಕೋಪವೇ ಎಂದು ಅವರಿಗೆ ಬೇಸರವಾಯಿತು. ವಾಲ್ಟೇರರ ಗೆಳೆಯರ ಬಗ್ಗೆ ಪುಸ್ತಕ ಬರೆಯುತ್ತಿದ್ದ ಹಾಲ್, ಅವರ ಆ ಮನೋಭಾವವನ್ನು ಒಂದೇ ವಾಕ್ಯದಲ್ಲಿ ಹಿಡಿದಿಟ್ಟರು. ‘ನಾನು’ ಎಂದು ಶುರು ಮಾಡಿ, ಉದ್ಧರಣ ಚಿಹ್ನೆಯೊಳಗೆ ಇಟ್ಟರು. ಓದಿದವರು ವಾಲ್ಟೇರರ ಮಾತೇ ಎಂದುಕೊಂಡರು. ಆ ವಾಕ್ಯ ತನ್ನದು ಎಂದು ಹಾಲ್ ಮುಂದೆ 1939ರಲ್ಲಿ ಪತ್ರವೊಂದರಲ್ಲಿ ಸ್ಪಷ್ಟ ಮಾಡಿದರು. ಅಷ್ಟು ಹೊತ್ತಿಗೆ ಮಾತು ಊರೂರು ಸುತ್ತಿ ಬಂದಿತ್ತು.

ಆಕೆ ತನ್ನ ಹೆಸರಿನಲ್ಲಿ ಪುಸ್ತಕ ಬರೆಯುತ್ತಿರಲಿಲ್ಲ. ಎಸ್. ಜಿ. ಟ್ಯಾಲೆಂಟೈರ್ ಎನ್ನುವುದು ಅವರ ಕಾವ್ಯನಾಮ. ನನಗೆ ಈ ವಿಷಯ ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಪುಸ್ತಕದ ಮೇಲೆ ತನ್ನ ಹೆಸರಿಲ್ಲ. ತಾನು ಬರೆದ ಅತ್ಯಂತ ಪ್ರಸಿದ್ಧ ವಾಕ್ಯದ ಕೆಳಗೂ ತನ್ನ ಹೆಸರಿಲ್ಲ. ಜಗತ್ತಿನಲ್ಲಿ ವಾಕ್‌ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಹೆಣ್ಣುಮಗಳೊಬ್ಬಳ ವಾಕ್ಯ ಓಡಾಡುತ್ತಿದೆ, ಅದು ಯಾರಿಗೂ ಗೊತ್ತಿಲ್ಲ.

ನಮ್ಮ ಸ್ವಾತಂತ್ರ್ಯ ಹೋರಾಟಕ್ಕೆ ಬನ್ನಿ. 1942ರ ಆಗಸ್ಟ್ 8, ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನ. ಗಾಂಧೀಜಿ ಅವತ್ತು ‘ಕರೇಂಗೆ ಯಾ ಮರೇಂಗೆ’ ಎಂದರು. ಮಾಡು ಇಲ್ಲವೇ ಮಡಿ. ಅದು ಅವರದೇ ಮಾತು, ಅನುಮಾನವಿಲ್ಲ. ಆದರೆ ‘ಕ್ವಿಟ್ ಇಂಡಿಯಾ’ ಎಂಬ ಎರಡು ಪದಗಳನ್ನು ಹುಡುಕಿಕೊಟ್ಟವರು ಯೂಸುಫ್ ಮೆಹರ್ ಅಲಿ. ಸಮಾಜವಾದಿ ನಾಯಕ, ಆ ವರ್ಷ ಮುಂಬಯಿಯ ಮೇಯರ್. 1928ರಲ್ಲಿ ‘ಸೈಮನ್ ಗೋ ಬ್ಯಾಕ್’ ಎಂಬ ಘೋಷಣೆ ಕೊಟ್ಟವರೂ ಅವರೇ. ದೇಶವನ್ನೇ ಎಬ್ಬಿಸಿದ ಎರಡು ಘೋಷಣೆ ಒಬ್ಬನೇ ಮನುಷ್ಯನಿಂದ. 1950ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು? ಹಾಗೆಯೇ ‘ಇಂಕ್ವಿಲಾಬ್ ಜಿಂದಾಬಾದ್’. 1929ರಲ್ಲಿ ದೆಹಲಿಯ ಅಸೆಂಬ್ಲಿಯಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ ಅದನ್ನು ಕೂಗಿದರು. ಆದರೆ ಅದನ್ನು ಮೊದಲು ಕೊಟ್ಟವರು ಉರ್ದು ಕವಿ ಹಸ್ರತ್ ಮೊಹಾನಿ.

ಇದೇ 1942ರಲ್ಲಿ ನಮ್ಮ ನಾಡಿನಲ್ಲೂ ಒಂದು ಮಾತು ಹುಟ್ಟಿತು. ಶಿಕಾರಿಪುರ ತಾಲ್ಲೂಕಿನ ಈಸೂರು. ಊರಿನವರು ತಮ್ಮದೇ ಸರ್ಕಾರ ಎಂದು ಸಾರಿಕೊಂಡರು. ಹುಡುಗರಲ್ಲೇ ಒಬ್ಬನನ್ನು ಅಮಲ್ದಾರ, ಇನ್ನೊಬ್ಬನನ್ನು ಸಬ್‌ಇನ್‌ಸ್ಪೆಕ್ಟರ್ ಮಾಡಿದರು. ಸೆಪ್ಟೆಂಬರಿನಲ್ಲಿ ನಿಜವಾದ ಅಮಲ್ದಾರರು ಪೊಲೀಸರ ಜೊತೆ ಊರಿಗೆ ಬಂದಾಗ ಘರ್ಷಣೆಯಾಗಿ ಜೀವಗಳು ಹೋದವು. 1943ರಲ್ಲಿ ಊರಿನ ಐದು ಜನರನ್ನು ಗಲ್ಲಿಗೆ ಹಾಕಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎನ್ನುವುದು ಆ ಊರಿನ ಮಾತು. ಮೊದಲು ಅದು ಯಾರ ಬಾಯಿಂದ ಬಂತು ಎಂದು ಕೇಳಬೇಕಿಲ್ಲ. ಇಡೀ ಊರು ಅದಕ್ಕೆ ಬೆಲೆ ಕೊಟ್ಟಿದೆ, ಹಾಗಾಗಿ ಇಡೀ ಊರಿನದು. ಊರಿನ ಹೆಸರು ಮಾತಿನ ಒಳಗೇ ಇರುವುದರಿಂದ ಇದನ್ನು ಯಾವ ದೊಡ್ಡ ಹೆಸರೂ ಎತ್ತಿಕೊಂಡು ಹೋಗಲು ಆಗಲಿಲ್ಲ. ನನಗೆ ಅದೇ ಸಮಾಧಾನ.

ಇದರ ಉಲ್ಟಾ ಕೂಡ ನಡೆಯುತ್ತದೆ. ಕೆಟ್ಟ ಮಾತೊಂದು ಯಾರದೋ ತಲೆಗೆ ಅಂಟಿಕೊಳ್ಳುತ್ತದೆ. ಜನಕ್ಕೆ ರೊಟ್ಟಿ ಇಲ್ಲ ಎಂದರೆ ‘ಕೇಕ್ ತಿನ್ನಲಿ’ ಎಂದಳಂತೆ ಫ್ರಾನ್ಸಿನ ರಾಣಿ ಮರಿ ಆಂಟೊಯ್ನೆಟ್. ನಾವೂ ತರಗತಿಯಲ್ಲಿ ಹಾಗೇ ಕಲಿತೆವು. ಈ ಕಥೆ ಇರುವುದು ಚಿಂತಕ ರೂಸೋನ ಆತ್ಮಕಥೆಯಲ್ಲಿ. ಅಲ್ಲಿರುವುದು ಕೇಕ್ ಅಲ್ಲ, ಬ್ರಿಯೋಶ್, ಬೆಣ್ಣೆ ಮೊಟ್ಟೆ ಹಾಕಿದ ಒಂದು ಬಗೆಯ ಬ್ರೆಡ್ಡು. ಹೇಳಿದವಳ ಹೆಸರೂ ಇಲ್ಲ, ‘ಒಬ್ಬ ದೊಡ್ಡ ರಾಜಕುಮಾರಿ’ ಎಂದಷ್ಟೇ ಇದೆ. ರೂಸೋ ಆ ಭಾಗ ಬರೆದದ್ದು 1760ರ ದಶಕದಲ್ಲಿ. ಆಂಟೊಯ್ನೆಟ್ ಹುಟ್ಟಿದ್ದು 1755ರಲ್ಲಿ, ಆಸ್ಟ್ರಿಯಾದಲ್ಲಿ. ಮದುವೆಯಾಗಿ ಫ್ರಾನ್ಸಿಗೆ ಬಂದದ್ದು 1770ರಲ್ಲಿ. ಅಂದರೆ ರೂಸೋ ಅದನ್ನು ಬರೆಯುವಾಗ ಆಕೆ ಬೇರೆ ದೇಶದಲ್ಲಿ ಆಡಿಕೊಂಡಿದ್ದ ಮಗು.

1775ರಲ್ಲಿ ಹಿಟ್ಟಿನ ಬೆಲೆ ಏರಿ ಫ್ರಾನ್ಸಿನಲ್ಲಿ ದಂಗೆಗಳಾದವು. ಅದೇ ವರ್ಷ ಆಕೆ ತಾಯಿಗೆ ಬರೆದ ಪತ್ರವೊಂದಿದೆ. ಇಷ್ಟು ಕಷ್ಟದಲ್ಲಿದ್ದೂ ಜನ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅವರ ಸುಖಕ್ಕಾಗಿ ನಾವು ಇನ್ನೂ ಜಾಸ್ತಿ ದುಡಿಯಬೇಕು ಎನ್ನುವ ಅರ್ಥದ ಮಾತು ಅದರಲ್ಲಿದೆ. ಆಕೆ ದೊಡ್ಡ ಜನಸೇವಕಿ ಎಂದು ಹೇಳಲು ಇದನ್ನು ತರುತ್ತಿಲ್ಲ. ಆಕೆಯ ದುಂದುಗಾರಿಕೆ ನಿಜ, ಜನರ ಹಸಿವೂ ನಿಜ. ಆದರೆ ಆಡಿದ ಮಾತು ಮರೆತು, ಆಡದ ಮಾತನ್ನು ಪಠ್ಯದಂತೆ ಕಲಿಸುವುದು ಯಾರ ವಿಷಯದಲ್ಲೇ ಆಗಲಿ ಅನ್ಯಾಯ. 1793ರಲ್ಲಿ ಆಕೆಯ ತಲೆ ತೆಗೆದರು. ಆ ಮಾತು ಮಾತ್ರ ಇವತ್ತಿಗೂ ಆಕೆಯನ್ನು ಬಿಟ್ಟಿಲ್ಲ.

ಮತ್ತೆ ಗಾಂಧೀಜಿ. ‘ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ನೀವೇ ಆಗಿ’ ಎಂಬ ಮಾತು ಅವರ ಚಿತ್ರದ ಕೆಳಗೆ ಎಲ್ಲೆಲ್ಲೂ ಇದೆ. ಅವರ ಬರಹಗಳಲ್ಲಿ ಆ ವಾಕ್ಯ ಇಲ್ಲ. ಹತ್ತಿರದ ಮಾತೊಂದಿದೆ, 1913ರಲ್ಲಿ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಬರೆದದ್ದು. ನಾವು ಬದಲಾದರೆ ಜಗತ್ತಿನ ಸ್ವಭಾವವೂ ಬದಲಾಗುತ್ತದೆ, ಮನುಷ್ಯ ತನ್ನ ಗುಣ ಬದಲಿಸಿಕೊಂಡಂತೆ ಜಗತ್ತು ಅವನನ್ನು ನೋಡುವ ರೀತಿಯೂ ಬದಲಾಗುತ್ತದೆ ಎಂದು. ಇದನ್ನು ಅವರು ಬರೆದದ್ದು ಎಲ್ಲಿ ಗೊತ್ತೇ? ಆರೋಗ್ಯದ ಲೇಖನಮಾಲೆಯಲ್ಲಿ, ಹಾವು ಕಡಿತದ ಬಗ್ಗೆ ಬರೆಯುವಾಗ! ಹಾವಿನ ವಿಷಯ ಹೇಳುತ್ತಾ ಹೇಳುತ್ತಾ ಮನುಷ್ಯನ ಒಳಗಿನ ವಿಷದ ತನಕ ಹೋಗುವ ಮನಸ್ಸು ಅದು. ಚಿತ್ರದ ಕೆಳಗಿನ ಆ ಚುಟುಕು ಮಾತಿಗಿಂತ ಇದು ನನಗೆ ಎಷ್ಟೋ ಇಷ್ಟ.

ನಿಮ್ಮ ಫೋನಿಗೆ ದಿನಾ ಬೆಳಿಗ್ಗೆ ಇಂಥ ಮಾತುಗಳು ಬರುತ್ತವೆ. ಮುಂದಕ್ಕೆ ಕಳಿಸಬೇಡಿ ಎನ್ನುವುದಿಲ್ಲ. ಯಾರಿಗೆ ಹೇಳಿದ್ದು, ಎಲ್ಲಿ ಕೂತು ಹೇಳಿದ್ದು ಎಂದು ಒಂದು ಸಲ ಹುಡುಕಿ. ವಚನವಾದರೆ ಕೆಲಸ ಇನ್ನೂ ಸುಲಭ, ಕೊನೆಯ ಸಾಲು ಕೇಳಿ. ನಮ್ಮ ಶರಣರು 800 ವರ್ಷದ ಹಿಂದೆಯೇ ಸಹಿ ಹಾಕಿ ಇಟ್ಟಿದ್ದಾರೆ.

ಈಗ ಲಕ್ಕಮ್ಮ.

ಒಂದು ದಿನ ಮಾರಯ್ಯ ಶರಣರ ಜೊತೆ ಮಾತಿಗೆ ಕೂತು ಮೈಮರೆತ. ಅಕ್ಕಿ ಆಯಲು ಹೋಗುವುದೇ ಮರೆತುಹೋಯಿತು. ಕಾಯಕದ ಮುಂದೆ ಗುರುವನ್ನೂ ಮರೆಯಬೇಕು ಎಂದವನೇ ಕಾಯಕ ಮರೆತು ಕೂತಿದ್ದ. ಲಕ್ಕಮ್ಮ ಬಂದು ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ’ ಎಂದಳು. ಮಾರಯ್ಯ ಗಡಬಡಿಸಿ ಎದ್ದು ಹೋದ. ಆ ಆತುರದಲ್ಲಿ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಲಕ್ಕಮ್ಮ ಅದನ್ನು ನೋಡಿದಳು. ಒಲೆ ಹಚ್ಚಲಿಲ್ಲ. ಹೆಚ್ಚಾದದ್ದನ್ನು ತಂದ ಜಾಗದಲ್ಲೇ ಹಾಕಿ ಬಾ ಎಂದಳು.

ಮನೆಯಲ್ಲಿ ನಾಳೆಗೆ ಕಾಳಿಲ್ಲ. ಆದರೂ ವಾಪಸ್ ಹಾಕಿ ಬಾ ಎನ್ನುತ್ತಾಳೆ. ಗಂಡನಿಗೆ ಅವಳು ಹೇಳಿದ್ದು ಇದು, ಅಂಕಿತದ ಸಮೇತ ಓದಿ ನಾನು ಕೂತುಕೊಳ್ಳುತ್ತೇನೆ:

ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ, ಮಾರಯ್ಯಾ.