ಡೈವೋರ್ಸ್ ಕೇಸಿಗೆ ಸೋದರಮಾವನೇ ವಕೀಲನಾದರೆ, ತಪ್ಪಾದಾಗ ಯಾರನ್ನು ಕೇಳುತ್ತೀರಿ?

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಫ್ಯಾಮಿಲಿ ಕೋರ್ಟಿಗೆ ವಕೀಲರೇ ಬೇಡ ಅಂತ ಕಾನೂನಿದೆ. ನನ್ನ ತಂಗಿ ಡೈವೋರ್ಸ್ ಕೇಸಲ್ಲಿ ನಮ್ಮ ಸೋದರಮಾವನೇ ವಾದ ಮಾಡ್ತಾರೆ." ಅದಕ್ಕೆ ಲೈಕ್ ಮೇಲೆ ಲೈಕ್! ಓದಿ ನನಗೆ ಊಟ ಸೇರಲಿಲ್ಲ.

1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 13ನೇ ಸೆಕ್ಷನ್ ಹೇಳುವುದು ಇಷ್ಟೇ: ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ನಿಮ್ಮ ಹಕ್ಕಲ್ಲ, ಕೋರ್ಟ್ ಒಪ್ಪಬೇಕು. ವಕೀಲರು ಇಲ್ಲದ ಜಾಗಕ್ಕೆ ಮಾವ ಬರಲಿ ಅಂತ ಅದರಲ್ಲಿ ಎಲ್ಲಿದೆ? ವಕೀಲರ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ, ಜಡ್ಜ್ ಒಪ್ಪಿದರೆ ವಕೀಲರಲ್ಲದವರೂ ಒಂದು ಕೇಸಿನಲ್ಲಿ ನಿಲ್ಲಬಹುದು. ಜಡ್ಜ್ ಒಪ್ಪಿದರೆ! 1978ರಲ್ಲೇ ಸುಪ್ರೀಂ ಕೋರ್ಟಿನ ಜಡ್ಜ್ ಕೃಷ್ಣ ಅಯ್ಯರ್ ಇದನ್ನು ಬಿಡಿಸಿ ಹೇಳಿದ್ದಾರೆ.

ಸರಿ, ಜಡ್ಜ್ ಒಪ್ಪಿದರು ಅಂತಲೇ ಇಟ್ಟುಕೊಳ್ಳಿ. ತಪ್ಪಾದರೆ ಯಾರನ್ನು ಕೇಳುತ್ತೀರಿ? ವಕೀಲರು ಕೈಕೊಟ್ಟರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ವಕೀಲಿಕೆಯ ಲೈಸೆನ್ಸು, ಅಂದರೆ ಸನ್ನದೇ ಹೋಗಬಹುದು. ಮಾವನ ಹತ್ತಿರ ಯಾವ ಸನ್ನದಿದೆ?

ಗಂಡ ಹೆಂಡತಿ ಇಬ್ಬರೂ ಒಪ್ಪಿ ಹಾಕುವ ಡೈವೋರ್ಸ್ ಅರ್ಜಿಯಲ್ಲಿ "ಮುಂದೆ ಏನೂ ಕೇಳುವುದಿಲ್ಲ" ಅಂತ ಒಂದು ಸಾಲು ಇರುತ್ತದೆ. ಮಾವ "ಹಾಕಮ್ಮ ಸಹಿ" ಅನ್ನುತ್ತಾರೆ. ತಂಗಿ ಹಾಕುತ್ತಾಳೆ. ಒಡವೆಯೂ ಹೋಗಬಹುದು, ಜೀವನಾಂಶವೂ ಹೋಗಬಹುದು. ಈಗ ಹೇಳಿ, ಯಾರನ್ನು ಕೇಳುತ್ತೀರಿ? ಹಬ್ಬಕ್ಕೆ ಬಂದು ಊಟ ಮಾಡಿ ಹೋಗುವ ಮಾವನನ್ನಾ?

"ನಮ್ಮ ಹತ್ರ ಜಿಪಿಎ ಇದೆ" ಅನ್ನುವವರೂ ಇದ್ದಾರೆ. ಜಿಪಿಎ ಅಂದರೆ ನನ್ನ ಪರವಾಗಿ ನೀವು ವ್ಯವಹಾರ ಮಾಡಿ ಅಂತ ಬರೆದುಕೊಡುವ ಅಧಿಕಾರ ಪತ್ರ. ಮಗ ಅಮೆರಿಕದಲ್ಲಿ, ಅಪ್ಪ ಇಲ್ಲಿ. ಜಿಪಿಎ ಇದ್ದ ಮಾತ್ರಕ್ಕೆ ಅಪ್ಪ ವಕೀಲರ ಹಾಗೆ ವಾದ ಮಾಡುವಂತಿಲ್ಲ. ಮಗನಿಗೆ ಮಾತ್ರ ಗೊತ್ತಿರುವ ಸಂಗತಿಗೆ ಮಗನ ಬದಲು ಸಾಕ್ಷಿ ಹೇಳುವಂತೆಯೂ ಇಲ್ಲ. ಗಂಡ ಹೆಂಡತಿ ರೂಮಿನಲ್ಲಿ ಆಡಿದ ಮಾತು ಅಪ್ಪನಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

"ಫೀಸ್ ಯಾರು ಕೊಡ್ತಾರೆ?" ಅಂತ ಕೇಳುತ್ತೀರಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ವಕೀಲರು ಉಚಿತ. ಆದಾಯ ಎಷ್ಟೇ ಇರಲಿ! ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಇದರ ಬಗ್ಗೆಯೇ ಮುಂದಿನ ಎಪಿಸೋಡ್ ಮಾಡುತ್ತಿದ್ದೇನೆ. ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ, ಮನೆಯ ಹೆಣ್ಣುಮಕ್ಕಳಿಗೆ ಕಳಿಸಿ.

"ಮಾವ ತುಂಬಾ ತಿಳಿದವರು" ಅನ್ನಬೇಡಿ. ತಿಳಿದಿರಲಿ, ಸಂತೋಷ! ತಪ್ಪಾದರೆ ಯಾರನ್ನು ಕೇಳುತ್ತೀರಿ? ಯಾರನ್ನು?

ಕಾಮೆಂಟ್ ಹಾಕಿದ ಅಣ್ಣ, ನಂಬರ್ ಇನ್ನೊಂದು ಸಲ ಹೇಳುತ್ತೇನೆ. 15100. ಫೋನನ್ನು ತಂಗಿಯ ಕೈಗೆ ಕೊಡಿ. ಮಾವನ ಕೈಗಲ್ಲ.