ನ್ಯೂ ಆರ್ಲಿಯನ್ಸ್‌ನಲ್ಲಿ ಮೊದಲ ರಾತ್ರಿ: ಊಟ ಮೊದಲಾ, ಜಾಝ್ ಮೊದಲಾ?

[ದೃಶ್ಯ: ಊರಿನ ಹಳೇ ಬಡಾವಣೆ ಫ್ರೆಂಚ್ ಕ್ವಾರ್ಟರ್, ಸಂಜೆ ಬೆಳಕು. ದೂರದಿಂದ ಟ್ರಂಪೆಟ್ ಸದ್ದು.]

ನಮಸ್ಕಾರ. ಅಮೆರಿಕದಲ್ಲಿರೋ ಮಕ್ಕಳ ಮನೆಗೆ ಹೋದವರು, ಆಫೀಸ್ ಕೆಲಸದ ಮೇಲೆ ಹೋದವರು ನ್ಯೂ ಆರ್ಲಿಯನ್ಸ್ ಬಗ್ಗೆ ಕೇಳೋ ಪ್ರಶ್ನೆ ಇದು: ಒಂದು ಸಂಜೆ ಸಿಕ್ಕಿದೆ, ಊಟ ಮುಗಿಸ್ಕೊಂಡು ಜಾಝ್ ಕೇಳಕ್ಕೆ ಹೋಗ್ಬೇಕಾ, ಜಾಝ್ ಕೇಳಿ ಆಮೇಲೆ ಊಟಾನಾ?

ಜಾಝ್, ಊಟ, ಮತ್ತೆ ಜಾಝ್. ಈ ಕ್ರಮದಲ್ಲೇ ಹೋಗಿ.

ಜಾಝ್ ಹುಟ್ಟಿದ ಇತಿಹಾಸವನ್ನ ಒಂದೇ ಉಸಿರಲ್ಲಿ ಹೇಳ್ತೀನಿ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕನ್ನರು ಭಾನುವಾರ ಸೇರಿ ಹಾಡಿ ಕುಣೀತಿದ್ದ ಕಾಂಗೊ ಸ್ಕ್ವೇರ್ ಇರೋದು ಇದೇ ಊರಲ್ಲಿ. 1900ರ ಆಸುಪಾಸಿಗೆ ಬಡ್ಡಿ ಬೋಲ್ಡನ್ ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ) ಊದ್ತಿದ್ದದ್ದೂ ಇಲ್ಲೇ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದೂ ಇಲ್ಲೇ. ಮುಂದಕ್ಕೆ ಹೋಗೋಣ.

ಸಂಜೆ ಮೊದಲು ಹೋಗ್ಬೇಕಾದ ಜಾಗ ಸೇಂಟ್ ಪೀಟರ್ ಸ್ಟ್ರೀಟ್‌ನ ಪ್ರಿಸರ್ವೇಶನ್ ಹಾಲ್, 1961ರಲ್ಲಿ ಶುರುವಾದದ್ದು. ಚಿಕ್ಕ ಕೋಣೆ, ಮರದ ಬೆಂಚು, ಹಿಂದೆ ನಿಂತ್ಕೊಂಡ ಜನ. ಒಂದು ಪ್ರದರ್ಶನ ಸುಮಾರು 45 ನಿಮಿಷ, ಒಂದೇ ಸಂಜೆಯಲ್ಲಿ ಹಲವು ಪ್ರದರ್ಶನ ಇರುತ್ತೆ. ಒಳಗೆ ತಿಂಡಿ ಸಿಗಲ್ಲ. ಮಕ್ಕಳನ್ನೂ ಬಿಡ್ತಾರೆ. ಬೇರೆ ಎಷ್ಟೋ ಕ್ಲಬ್‌ಗಳಲ್ಲಿ ವಯಸ್ಸು 21 ಆಗಿರಲೇಬೇಕು, ಬಾಗಿಲಲ್ಲೇ ಪಾಸ್‌ಪೋರ್ಟ್ ಕೇಳ್ತಾರೆ. ನುಡಿಸುವಾಗ ಫೋಟೋ, ವಿಡಿಯೋ ತೆಗೆಯೋ ಹಾಗಿಲ್ಲ. ಟಿಕೆಟ್ ಆನ್‌ಲೈನ್‌ನಲ್ಲೇ ಮೊದಲೇ ತಗೊಳ್ಳಿ, ಬೇಗನೆ ಇರೋ ಪ್ರದರ್ಶನಕ್ಕೇ ತಗೊಳ್ಳಿ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ 8 ಗಂಟೆ ಅಂದ್ರೆ ನಮ್ಮಲ್ಲಿ ಬೆಳಗ್ಗೆ 6:30. ಹಿಂದಿನ ದಿನ ವಿಮಾನ ಇಳಿದವರು ಕೊನೆಯ ಪ್ರದರ್ಶನಕ್ಕೆ ಹೋದ್ರೆ ಡ್ರಮ್ಸ್ ಪಕ್ಕದಲ್ಲೇ ಗೊರಕೆ ಹೊಡೀತಾರೆ.

ಇನ್ನು ಈ ವಿಡಿಯೋದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ: ಚಪ್ಪಾಳೆ ಎಲ್ಲಿ ತಟ್ಟಬೇಕು?

ನಮ್ಮ ಕೈಗೆ ಸಮದ ಮೇಲೆ, ಅಂದ್ರೆ ತಾಳದ ಮೊದಲ ಎಣಿಕೆ ಮೇಲೆ, ತಟ್ಟೋದೇ ಅಭ್ಯಾಸ. ಜಾಝ್‌ನಲ್ಲಿ ನಾಲ್ಕು ಎಣಿಕೆಯ ಸ್ವಿಂಗ್ ಅನ್ನೋ ತೂಗಾಡೋ ನಡೆ ಬಂದಾಗ 1 ಮತ್ತು 3ಕ್ಕೆ ತಟ್ಟಿದ್ರೆ ಹಾಡಿನ ಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತೆ. ತಟ್ಟಬೇಕಾದ್ದು 2 ಮತ್ತು 4ಕ್ಕೆ.

ಇದೇ ಊರಲ್ಲಿ ಹುಟ್ಟಿದ ಪಿಯಾನೋ ವಾದಕ ಹ್ಯಾರಿ ಕಾನಿಕ್ ಜೂನಿಯರ್ ಅವರ ಒಂದು ಕಾರ್ಯಕ್ರಮದ ವಿಡಿಯೋ ಸಂಗೀತಗಾರರ ನಡುವೆ ಬಹಳ ಪ್ರಸಿದ್ಧ. ಸಭಿಕರೆಲ್ಲ ಹುಮ್ಮಸ್ಸಿನಿಂದ 1-3ಕ್ಕೆ ತಟ್ಟುತ್ತಿರ್ತಾರೆ. ಕಾನಿಕ್ ನಿಲ್ಲಿಸಲ್ಲ, ಬೈಯಲ್ಲ, ಪಾಠ ಮಾಡಲ್ಲ. ಪಿಯಾನೋ ಸೋಲೋ ನುಡಿಸ್ತಾ ನುಡಿಸ್ತಾ ಒಂದೇ ಒಂದು ಆವರ್ತಕ್ಕೆ ಒಂದು ಎಣಿಕೆ ಹೆಚ್ಚು ಸೇರಿಸ್ತಾರೆ.

[ಪರದೆ ಮೇಲೆ: 1 2 3 4 | 1 2 3 4 5 | 1 2 3 4]

ಬೆರಳಲ್ಲಿ ಎಣಿಸಿ ನೋಡಿ. ಮೊದಲ ಆವರ್ತದಲ್ಲಿ ಜನ 1, 3ಕ್ಕೆ ತಟ್ಟಿದ್ರು. ಐದರ ಆವರ್ತದಲ್ಲಿ 1, 3, 5ಕ್ಕೆ ತಟ್ಟಿದ್ರು. ಒಂದು ಬಿಟ್ಟು ಒಂದು ತಟ್ಟೋ ಕೈ ಮುಂದಿನ ಆವರ್ತದಲ್ಲಿ ಎಲ್ಲಿ ಬೀಳುತ್ತೆ? ಎರಡರ ಮೇಲೆ! ಆಮೇಲೆ ನಾಲ್ಕರ ಮೇಲೆ. ಇಡೀ ಸಭೆ ತನಗೇ ಗೊತ್ತಿಲ್ಲದೆ ಸರಿಹೋಯ್ತು. ಹಿಂದೆ ಕೂತ ಡ್ರಮ್ಮರ್ ಎರಡೂ ಕೈ ಮೇಲೆತ್ತಿ ಸಂಭ್ರಮಿಸ್ತಾರೆ. ಲೆಕ್ಕಾಚಾರ ಅಂದ್ರೆ ಪ್ರಾಣ ಬಿಡೋ ನಮ್ಮ ಮೃದಂಗದವರು ನೋಡಿದ್ರೆ "ಭಲೆ" ಅನ್ನದೇ ಇರಲ್ಲ.

ನಿಮಗೆ 2-4 ಸಿಗದಿದ್ರೆ ಡ್ರಮ್ಮರ್‌ನ ಎಡಗಾಲು ನೋಡಿ. ಅದರ ಕೆಳಗಿರೋ ಪೆಡಲ್ ಹೈ-ಹ್ಯಾಟ್ ಅನ್ನೋ ಜೋಡಿ ತಾಳವನ್ನ ಮುಚ್ಚುತ್ತೆ, "ಚಿಕ್" ಅಂತ ಸದ್ದು ಬರುತ್ತೆ. ಸ್ವಿಂಗ್‌ನಲ್ಲಿ ಆ ಚಿಕ್ ಬರೋದೇ 2-4ಕ್ಕೆ. ಅದರ ಜೊತೆ ತಟ್ಟಿ, ಸಾಕು.

[ದೃಶ್ಯ: ಗಂಬೋ ಬಟ್ಟಲು, ಹತ್ತಿರದಿಂದ]

ಈಗ ಊಟ. ಮೊದಲ ರಾತ್ರಿಗೆ ಒಂದೇ ಪದಾರ್ಥ ಹೇಳೋದಾದ್ರೆ ಗಂಬೋ, ಅಂದ್ರೆ ಅನ್ನದ ಜೊತೆ ತಿನ್ನೋ ಗಟ್ಟಿ ಸಾರು. ಇದರ ಜೀವ ಇರೋದು "ರೂ"ನಲ್ಲಿ. ಎಣ್ಣೆ ಮತ್ತು ಮೈದಾ ಸಮಸಮ ಹಾಕಿ, ಸಣ್ಣ-ಮಧ್ಯಮ ಉರಿಯಲ್ಲಿ 30ರಿಂದ 45 ನಿಮಿಷ ಕೈಬಿಡದೆ ಕೆದಕಬೇಕು. ಬಿಳಿ, ಕಡಲೆಕಾಯಿ ಬೀಜದ ಬಣ್ಣ, ಆಮೇಲೆ ಚಾಕೊಲೇಟ್ ಬಣ್ಣ. ಕಪ್ಪು ಚುಕ್ಕೆ ಕಾಣಿಸಿದ್ರೆ ಸೀದಿದೆ ಅಂತ ಅರ್ಥ, ಅದನ್ನ ಚೆಲ್ಲಿ ಹೊಸದಾಗಿ ಶುರು ಮಾಡೋದೊಂದೇ ದಾರಿ. ಚಾಕೊಲೇಟ್ ಬಣ್ಣ ಬಂದ ಕೂಡಲೇ ಹೆಚ್ಚಿದ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಸುರೀತಾರೆ. ರುಚಿಗೆ ಅಷ್ಟೇ ಅಲ್ಲ, ಅವುಗಳ ನೀರಿನಂಶದಿಂದ ಬಿಸಿ ಇಳಿದು ರೂ ಸೀಯೋದು ನಿಲ್ಲುತ್ತೆ.

ಬಣ್ಣ ಗಾಢವಾದಷ್ಟೂ ರೂ ಸಾರನ್ನ ಗಟ್ಟಿ ಮಾಡೋ ಶಕ್ತಿ ಕಳ್ಕೊಳ್ಳುತ್ತೆ, ಯಾಕಂದ್ರೆ ಮೈದಾದ ಪಿಷ್ಟ ಬಿಸಿಗೆ ಒಡೆದುಹೋಗಿರುತ್ತೆ. ಹಾಗಾದ್ರೆ ಗಟ್ಟಿ ಮಾಡೋದು ಏನು? ಬೆಂಡೆಕಾಯಿ! ನಾವು ಹುಣಸೆ ಹುಳಿ ಹಾಕಿ ಓಡಿಸೋ ಲೋಳೆಯೇ ಅಲ್ಲಿ ಬೇಕಾಗಿರೋದು. ಬೆಂಡೆ ಇಲ್ಲದಿದ್ರೆ ಫಿಲೇ, ಅಂದ್ರೆ ಸಾಸಫ್ರಾಸ್ ಮರದ ಎಲೆಯ ಪುಡಿ. ಅಲ್ಲಿನ ಮೂಲನಿವಾಸಿಗಳಾದ ಚಾಕ್ಟಾ ಬುಡಕಟ್ಟಿನವರಿಂದ ಬಂದದ್ದು. ಅದನ್ನ ಒಲೆ ಆರಿಸಿದ ಮೇಲೆ ಹಾಕ್ಬೇಕು, ಕುದಿಸಿದ್ರೆ ನೂಲುನೂಲಾಗುತ್ತೆ.

ಸಸ್ಯಾಹಾರಿಗಳೇ, ಗಂಬೋದಲ್ಲಿ ಬೆಂಡೆ ಇದೆ ಅಂತ ಖುಷಿಪಡಬೇಡಿ. ಹೆಚ್ಚಿನ ಕಡೆ ಕೋಳಿ, ಸಾಸೇಜ್ ಅಥವಾ ಸೀಗಡಿ ಇರುತ್ತೆ. ಸೋಮವಾರದ ವಿಶೇಷ ರೆಡ್ ಬೀನ್ಸ್ ಅಂಡ್ ರೈಸ್ ನೋಡೋಕೆ ರಾಜ್ಮಾ-ಅನ್ನ, ಆದ್ರೆ ಸಾಮಾನ್ಯವಾಗಿ ಹಂದಿಮಾಂಸದ ಜೊತೆ ಬೇಯಿಸಿರ್ತಾರೆ. "ಮಾಂಸ ಇದೆಯಾ" ಅಂತ ಕೇಳಿದ್ರೆ ಸಾಲದು, "ಸ್ಟಾಕ್ (ಬೇಯಿಸಿದ ರಸ) ಯಾವುದು, ಯಾವ ಕೊಬ್ಬಲ್ಲಿ ಬೇಯಿಸಿದ್ದೀರಿ" ಅಂತ ಕೇಳಿ. ಬಿಲ್ ಮೇಲೆ ಶೇ. 20ರಷ್ಟು ಟಿಪ್ಸ್ ಅಲ್ಲಿನ ವಾಡಿಕೆ.

ಸಮಯ ಮುಗೀತಾ ಬಂತು, ಉಳಿದದ್ದನ್ನ ಬೇಗಬೇಗ ಹೇಳ್ತೀನಿ.

ಊಟ ಆದ್ಮೇಲೆ ಫ್ರೆಂಚ್‌ಮನ್ ಸ್ಟ್ರೀಟ್. ಬೌರ್ಬನ್ ಸ್ಟ್ರೀಟ್ ಅಲ್ಲ. ಅದು ಗಲಾಟೆ ನೋಡೋಕೆ ಸರಿ, ಜಾಝ್‌ಗಲ್ಲ. ಜಾಕ್ಸನ್ ಸ್ಕ್ವೇರ್‌ನಿಂದ ನಡೆದ್ರೆ ಹತ್ತು-ಹದಿನೈದು ನಿಮಿಷ. ಕೂತು ಗಮನ ಕೊಟ್ಟು ಕೇಳೋರಿಗೆ ಸ್ನಗ್ ಹಾರ್ಬರ್, ಟಿಕೆಟ್ ಇದೆ. ಎಲ್ಲಿಸ್ ಮಾರ್ಸಾಲಿಸ್ ವರ್ಷಗಟ್ಟಲೆ ಪಿಯಾನೋ ನುಡಿಸಿದ ಜಾಗ ಅದು. ನಿಂತು ಕುಣಿಯೋರಿಗೆ ಎದುರಿಗೇ ಸ್ಪಾಟೆಡ್ ಕ್ಯಾಟ್.

ಇಂಥ ಕ್ಲಬ್‌ಗಳಲ್ಲಿ ಪ್ರತಿ ಸೆಟ್‌ಗೂ (ಬ್ಯಾಂಡ್ ಒಂದೇ ಸಲಕ್ಕೆ ನುಡಿಸೋ ಹಾಡುಗಳ ಗುಂಪು) ತಲೆಗೊಂದು ಡ್ರಿಂಕ್ ತಗೋಬೇಕು ಅನ್ನೋ ನಿಯಮ ಮಾಮೂಲಿ. ಸೋಡಾ ತಗೊಂಡ್ರೂ ನಡೆಯುತ್ತೆ. ಟಿಪ್ ಬಕೆಟ್ ತಿರುಗಿ ಬಂದಾಗ ಮೊಬೈಲ್ ನೋಡ್ತಾ ಕೂರಬೇಡಿ. ಬ್ಯಾಂಡಿನವರ ಸಂಪಾದನೆಯಲ್ಲಿ ಆ ಬಕೆಟ್‌ನ ಪಾಲು ದೊಡ್ಡದು, ತಲೆಗೆ 5 ಡಾಲರ್‌ಗೆ ಕಮ್ಮಿ ಬೇಡ. ಡಾಲರ್ ಚಿಲ್ಲರೆ ಹೋಟೆಲ್‌ನಲ್ಲೇ ಮಾಡಿಸ್ಕೊಂಡು ಹೊರಡಿ. ಫ್ರೆಂಚ್ ಕ್ವಾರ್ಟರ್ ಬೀದಿಯಲ್ಲಿ ಗ್ಲಾಸು ಬಾಟಲಿ ಹಿಡ್ಕೊಂಡು ಓಡಾಡೋ ಹಾಗಿಲ್ಲ, ಪ್ಲಾಸ್ಟಿಕ್ ಕಪ್ ಆದ್ರೆ ಅಡ್ಡಿಯಿಲ್ಲ.

ಕೊನೆಗೆ ಕೆಫೆ ಡು ಮೋಂಡ್. ಒಂದು ಪ್ಲೇಟಿಗೆ ಮೂರು ಬೆನ್ಯೆ, ಅಂದ್ರೆ ಎಣ್ಣೆಯಲ್ಲಿ ಕರಿದ ಚೌಕಾಕಾರದ ಹಿಟ್ಟಿನ ತಿಂಡಿ, ಮೇಲೆ ಸಕ್ಕರೆ ಪುಡಿಯ ಗುಡ್ಡ. ಕಚ್ಚುವಾಗ ಉಸಿರು ಎಳ್ಕೋಬೇಡಿ, ನಗಬೇಡಿ, ಕಪ್ಪು ಬಟ್ಟೆ ಹಾಕಿರಬೇಡಿ. ಕಾಫಿಗೆ ಚಿಕೋರಿ ಬೆರೆಸಿರ್ತಾರೆ, ಅರ್ಧಕ್ಕರ್ಧ ಬಿಸಿ ಹಾಲು. ನಮ್ಮ ಫಿಲ್ಟರ್ ಕಾಫಿ ಕುಡಿಯೋರಿಗೆ ನಾಲಿಗೆಗೆ ಗುರುತು ಸಿಗುತ್ತೆ. ಅಂಗಡಿ ಈಗ ರಾತ್ರಿಯಿಡೀ ತೆರೆದಿರಲ್ಲ, ಕೊನೆಯ ಸೆಟ್‌ಗೆ ಕೂರೋ ಮುಂಚೆ ಮುಚ್ಚೋ ಸಮಯ ನೋಡ್ಕೊಳ್ಳಿ. ಮುಚ್ಚಿದ್ರೆ ಬೆಳಗ್ಗೆ ಬೇಗ ಎದ್ದು ಹೋಗಿ, ಸರದಿಯೂ ಕಮ್ಮಿ ಇರುತ್ತೆ.